ಗಂಡ ಪಕ್ಕದಲ್ಲೇ ಕುಳಿತಿರುವಾಗ ಏನು ಕೇಳಲಿ?

ಪ್ರಶ್ನೆ: ಲೈಂಗಿಕ ಸೋಂಕುಗಳ ಚಿಕಿತ್ಸೆ ಮತ್ತು ಎಚ್‌ಐವಿ ಪರೀಕ್ಷೆ ನಡೆಯುವ ಕ್ಲಿನಿಕ್ಕಿನಲ್ಲಿ ನಾನು ನರ್ಸ್. ಇಪ್ಪತ್ತಾರು, ಇಪ್ಪತ್ತೇಳರ ಒಬ್ಬ ಮಹಿಳೆ ಆರು ತಿಂಗಳಲ್ಲಿ ಮೂರನೇ ಸಲ ಸೋಂಕಿನ ತೊಂದರೆಗೆ ಬಂದಿದ್ದಾರೆ. ಪ್ರತಿ ಸಲವೂ ಗಂಡ ಜೊತೆಗಿರುತ್ತಾರೆ, ನಾವು ಕೇಳಿದ್ದಕ್ಕೆಲ್ಲ ಅವರೇ ಉತ್ತರ ಕೊಡುತ್ತಾರೆ. ತಾವು ಪರೀಕ್ಷೆ ಮಾಡಿಸಿಕೊಳ್ಳಲು ಮಾತ್ರ ಒಪ್ಪುವುದಿಲ್ಲ. ಆಕೆಯ ಎಚ್‌ಐವಿ ರಿಪೋರ್ಟ್ ಈವರೆಗೆ ನೆಗೆಟಿವ್. ಹೋದ ಸಲ ರಕ್ತ ತೆಗೆಯುವಾಗ ತೋಳಿನ ಒಳಭಾಗದಲ್ಲಿ ಬೆರಳು ಮೂಡಿದಂತೆ ಕಂದಿದ ಗುರುತು ಕಂಡಿತು. ಗಂಡ ಕೌಂಟರಿನ ಕಡೆ ಹೋದಾಗ ಎಚ್‌ಐವಿ ತಡೆಯುವ ಮಾತ್ರೆಯ ವಿಷಯ ತೆಗೆದೆ. "ಬೇಡ ಸಿಸ್ಟರ್, ಡಬ್ಬಿ ಅಲ್ಲಾಡಿದ್ರೆ ಸದ್ದಾಗುತ್ತೆ" ಎಂದಷ್ಟೇ ಹೇಳಿದರು. ಹಿರಿಯ ಸಹೋದ್ಯೋಗಿಯೊಬ್ಬರಲ್ಲಿ ಹೇಳಿಕೊಂಡರೆ, "ಅದು ಗಂಡ ಹೆಂಡಿರ ವಿಷಯ, ನಮ್ಮ ಕೆಲಸ ಸೋಂಕು ನೋಡೋದು" ಎಂದರು. ಕೇಳಿದರೆ ಆಕೆಗೇ ಏಟು ಬಿದ್ದೀತೆಂಬ ಭಯ. ಕೇಳದಿದ್ದರೆ ಮುಂದಿನ ರಿಪೋರ್ಟ್ ಪಾಸಿಟಿವ್ ಬಂದೀತೆಂಬ ಭಯ. ಹಾಗೆ ಬಂದರೆ ಗಂಡನಿಗೆ ತಿಳಿಸುವುದು ಹೇಗೆ? ನಾನೇನು ಮಾಡಲಿ?

ಉತ್ತರ: ಆಕೆ ನಿಮಗೆ ಆಗಲೇ ಹೇಳಿದ್ದಾರೆ. ಡಬ್ಬಿಯ ಸದ್ದಿಗೆ ಹೆದರುವವರು ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಅದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ನೀವು ಆಕೆಯ ಬಾಯಿ ಬಿಡಿಸಬೇಕಿಲ್ಲ, ಗಂಡನಿಂದ ಬಿಡಿಸಿ ತರುವುದೂ ನಿಮ್ಮ ಕೆಲಸವಲ್ಲ. ಕ್ಲಿನಿಕ್ಕಿನಿಂದ ಹೊರಡುವ ಮಾತ್ರೆ, ಚೀಟಿ, ಫೋನ್ ಕರೆ, ರಿಪೋರ್ಟ್ ಯಾವುದೂ ಆಕೆಯ ಮೇಲೆ ತಿರುಗಿ ಬೀಳದಂತೆ ನೋಡಿಕೊಳ್ಳುವುದು, ಗಂಡನ ಒಪ್ಪಿಗೆ ಬೇಡದ ರಕ್ಷಣೆಯ ದಾರಿಯೊಂದನ್ನು ಆಕೆಯ ಕೈಗೆ ಕೊಡುವುದು, ಇವೆರಡು ಆದರೆ ಬಹಳವೇ ಆಯಿತು.

ನಿಮ್ಮ ಹಿರಿಯರ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಸೋಂಕು ನೋಡುವುದೇ ನಮ್ಮ ಕೆಲಸ ಎಂದಿಟ್ಟುಕೊಂಡರೂ ಹಿಂಸೆಯ ವಿಷಯವನ್ನು ಬಿಡಲಾಗದು. ದಕ್ಷಿಣ ಆಫ್ರಿಕಾದ ಯುವತಿಯರನ್ನು ಅನುಸರಿಸಿ ನೋಡಿದ ಒಂದು ಅಧ್ಯಯನ 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸಂಗಾತಿಯಿಂದ ಪದೇ ಪದೇ ಹಿಂಸೆ ಕಂಡವರಲ್ಲಿ ಹೊಸ ಎಚ್‌ಐವಿ ಸೋಂಕು ಹೆಚ್ಚಿತ್ತು. ಅಲ್ಲಿನ ಒಟ್ಟು ಹೊಸ ಸೋಂಕುಗಳಲ್ಲಿ ಶೇ 12ರಷ್ಟನ್ನು ಸಂಗಾತಿ ಹಿಂಸೆಯ ಲೆಕ್ಕಕ್ಕೂ, ಶೇ 14ರಷ್ಟನ್ನು ಸಂಬಂಧದೊಳಗಿನ ಅಧಿಕಾರದ ಅಸಮಾನತೆಯ ಲೆಕ್ಕಕ್ಕೂ ಸೇರಿಸಬಹುದೆಂದು ಲೇಖಕರು ಅಂದಾಜಿಸಿದ್ದರು. ಈಗಾಗಲೇ ಎಚ್‌ಐವಿ ಇರುವವರಲ್ಲೂ ಇದೇ ಕಥೆ: ಹಿಂಸೆಯಲ್ಲಿ ಬದುಕುವ ಮಹಿಳೆಯರಲ್ಲಿ ಎಆರ್‌ಟಿ (ವೈರಸ್ ಹತ್ತಿಕ್ಕುವ ಚಿಕಿತ್ಸೆ) ಮಾತ್ರೆ ತಪ್ಪುವುದು ಹೆಚ್ಚು, ವೈರಸ್ ಹತೋಟಿಗೆ ಬರುವುದು ಕಡಿಮೆ. ಅಂಥವರಿಗೆ "ಮಾತ್ರೆ ತಪ್ಪಿಸಬೇಡಿ" ಎಂದು ಗದರಿ ಕಳಿಸಿದರೆ ಮುಂದಿನ ಸಲ ಅವರು ಬರುವುದೇ ಇಲ್ಲ.

ಹಿಂಸೆಗೂ ಸೋಂಕಿಗೂ ನಂಟು ಎಲ್ಲಿ? ಬಲವಂತದ ಸಂಭೋಗದಲ್ಲಿ ಒಳಪದರ ಹರಿದು ವೈರಸ್ಸಿಗೆ ದಾರಿಯಾಗುತ್ತದೆ ಎಂಬುದು ಎಲ್ಲರಿಗೂ ಹೊಳೆಯುವ ಕಾರಣ. ಅದು ನಿಜ, ಆದರೆ ಅದೊಂದೇ ಅಲ್ಲ. ಹೆಂಡತಿಗೆ ಹೊಡೆಯುವ ಗಂಡಸರಲ್ಲಿ ಬೇರೆ ಸಂಬಂಧಗಳೂ ಲೈಂಗಿಕ ಸೋಂಕುಗಳೂ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಅಂದರೆ ಒಂದೇ ಒಂದು ಸಲವೂ ಬಲವಂತ ನಡೆಯದ ಮನೆಯಲ್ಲೂ ಅಪಾಯ ಇದೆ. ಕಾಂಡೋಮ್ ಎಂದರೆ "ನನ್ನ ಮೇಲೆ ಅನುಮಾನವೇ?" ಎಂದೋ "ನೀನೆಲ್ಲಿಗೆ ಹೋಗಿದ್ದೆ?" ಎಂದೋ ಜಗಳ ಶುರು. ಲೈಂಗಿಕ ಸೋಂಕಿಗೆ ಆಕೆಯೊಬ್ಬಳಿಗೇ ಚಿಕಿತ್ಸೆಯಾಗಿ, ಪರೀಕ್ಷೆಯೇ ಬೇಡವೆನ್ನುವ ಆತನಿಂದ ಮತ್ತೆ ಅದೇ ಸೋಂಕು ಮರಳುತ್ತದೆ. ಅಂಥ ಸೋಂಕಿನಿಂದ ಉರಿದ, ಹುಣ್ಣಾದ ಒಳಪದರದ ಮೂಲಕ ಎಚ್‌ಐವಿ ಇನ್ನೂ ಸುಲಭವಾಗಿ ನುಸುಳುತ್ತದೆ. ನೀವು ಬರೆದ "ಆರು ತಿಂಗಳಲ್ಲಿ ಮೂರನೇ ಸಲ" ಎಂಬುದನ್ನು ನಾನು ಓದುವುದು ಹೀಗೆ. ಔಷಧಿ ಕೆಲಸ ಮಾಡಲಿಲ್ಲವೋ ಏನೋ ಎಂದು ಆ್ಯಂಟಿಬಯಾಟಿಕ್ ಬದಲಿಸುವ ಮೊದಲು ಆತನಿಗೆ ಚಿಕಿತ್ಸೆಯಾಗಿದೆಯೇ, ಇಲ್ಲವಾದರೆ ಏಕೆ ಎಂದು ಯೋಚಿಸಬೇಕು.

ಈಗ ನಿಮ್ಮ ದೊಡ್ಡ ಭಯ: ಕೇಳಿದರೆ ಏಟು ಬೀಳುತ್ತದೆಯೇ? ಕೇಳಿದ್ದರಿಂದ ಬೀಳುವುದಿಲ್ಲ, ಕೇಳಿದ್ದು ಆತನ ಕಿವಿಗೆ ಬಿದ್ದರೆ ಬೀಳಬಹುದು. ಆದ್ದರಿಂದ ಆತನ ಎದುರು ಎಂದಿಗೂ ಕೇಳಬೇಡಿ, "ಮನೆಯಲ್ಲಿ ಎಲ್ಲ ಸರಿಯಾಗಿದೆ ತಾನೆ?" ಎಂದು ತೇಲಿಸಿಯೂ ಕೇಳಬೇಡಿ. ಅತ್ತೆ, ತಾಯಿ, ಗೆಳತಿ ಯಾರ ಎದುರೂ ಬೇಡ. ಮಾತು ಬರುವ ವಯಸ್ಸಿನ ಮಗು ಇದ್ದರೂ ಬೇಡ. ಎರಡು ವರ್ಷ ದಾಟಿದ ಮಗು ಮನೆಗೆ ಹೋಗಿ ಕೇಳಿದ್ದನ್ನು ಒಪ್ಪಿಸಿಬಿಡಬಹುದು. ಭಾಷೆ ಬಾರದವರಾದರೆ ಮನೆಯವರನ್ನು ದುಭಾಷಿಯಾಗಿ ಕೂರಿಸಿಕೊಳ್ಳುವುದಂತೂ ಸಲ್ಲದು.

ಹಾಗಾದರೆ ಆಕೆ ಒಬ್ಬರೇ ಸಿಗುವುದು ಹೇಗೆ? ಆತನೊಬ್ಬನನ್ನೇ ಎಬ್ಬಿಸಿ ಹೊರಗೆ ಕಳಿಸಿದರೆ ಸಂಶಯಕ್ಕೆ ದಾರಿ. ನಾನು ತರಬೇತಿ ಕೊಡುವ ಕಡೆಯೆಲ್ಲ ಹೇಳುವುದು ಒಂದೇ: ಎಲ್ಲರಿಗೂ ಒಂದೇ ನಿಯಮ ಮಾಡಿ. ಬಂದ ಪ್ರತಿಯೊಬ್ಬರನ್ನೂ, ಗಂಡಸಾಗಲಿ ಹೆಂಗಸಾಗಲಿ, ಐದು ನಿಮಿಷ ಒಬ್ಬರನ್ನೇ ನೋಡುವುದು ಇಲ್ಲಿನ ಪದ್ಧತಿ ಎಂದು ಬಾಗಿಲಲ್ಲಿ ಬರೆದು ಹಾಕಿ. "ಒಳಗೆ ತಪಾಸಣೆ ಇದೆ, ಒಬ್ಬರೇ ಬರಬೇಕು, ಎಲ್ಲರಿಗೂ ಹಾಗೇ" ಎಂದರೆ ವಾದಕ್ಕೆ ಎಡೆಯಿಲ್ಲ. ಅಷ್ಟಕ್ಕೂ ಬಿಡದವರಿದ್ದಾರೆ. ಆಗ ಮೂತ್ರದ ಮಾದರಿ, ತೂಕ, ಎರಡನೇ ಸಲ ರಕ್ತ, ಯಾವುದಾದರೊಂದು ನೆಪ. ಒಳಗೆ ಮಾತಿನ ನಡುವೆ ಆತ ಬಾಗಿಲು ತಳ್ಳಿಕೊಂಡು ಬಂದರೆ ಯಾವ ವಿಷಯಕ್ಕೆ ಹೊರಳಬೇಕೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿರಿ. ರಕ್ತಹೀನತೆಯ ಮಾತ್ರೆ ಒಳ್ಳೆಯ ವಿಷಯ, ಅದರ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು.

ಬಾಯಿ ತೆರೆಯುವ ಮೊದಲು ಇನ್ನೊಂದು ವಿಷಯ ತಿಳಿದುಕೊಳ್ಳಿ. ಕೆಲವು ಕಡೆ ಇಂಥ ಹಿಂಸೆಯನ್ನು ಆರೋಗ್ಯ ಸಿಬ್ಬಂದಿ ಪೊಲೀಸರಿಗೆ ವರದಿ ಮಾಡಲೇಬೇಕೆಂಬ ಕಾನೂನಿದೆ, ಕೆಲವು ಕಡೆ ಇಲ್ಲ. ನಿಮ್ಮಲ್ಲಿ ಹೇಗೆಂದು ಮೊದಲೇ ಗೊತ್ತಿರಬೇಕು. ಯಾವುದನ್ನು ಗುಟ್ಟಾಗಿಡಬಲ್ಲಿರಿ, ಯಾವುದನ್ನು ಇಡಲಾರಿರಿ ಎಂದು ಆಕೆ ಹೇಳಿಕೊಳ್ಳುವ ಮುಂಚೆಯೇ ತಿಳಿಸಬೇಕು. ಎಲ್ಲ ಕೇಳಿಸಿಕೊಂಡು "ಇದನ್ನು ವರದಿ ಮಾಡಬೇಕಾಗುತ್ತೆ" ಎನ್ನುವುದು ನಂಬಿಸಿ ಕತ್ತು ಕುಯ್ದಂತೆ.

ಎಲ್ಲರನ್ನೂ ಕೇಳಬೇಕೇ? ಇದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಸಂತಾನ ವಯಸ್ಸಿನ ಮಹಿಳೆಯರನ್ನೆಲ್ಲ ಕೇಳಿ ಎಂದು ಅಮೆರಿಕದ ಶಿಫಾರಸು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ, ಎಲ್ಲರನ್ನೂ ಯಾಂತ್ರಿಕವಾಗಿ ಕೇಳುವುದು ಬೇಡ, ಸುಳಿವು ಕಂಡಲ್ಲಿ ಕೇಳಿ ಎನ್ನುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ. ಇಪ್ಪತ್ತು ಪ್ರಶ್ನೆಗಳ ಫಾರಂ ಹಿಡಿದು, ತಲೆಯೆತ್ತದೆ ಟಿಕ್ ಹಾಕುತ್ತ "ಗಂಡ ಹೊಡೀತಾರಾ?" ಎಂದರೆ ಯಾರೂ ಹೌದು ಎನ್ನುವುದಿಲ್ಲ. ನಿಮ್ಮ ಮಹಿಳೆಯಲ್ಲಿ ಸುಳಿವಿಗೇನೂ ಕೊರತೆಯಿಲ್ಲ: ಮರುಕಳಿಸುವ ಸೋಂಕು, ಬಾಯಿ ಬಿಡಲು ಬಿಡದ ಗಂಡ, ತೋಳಿನ ಒಳಭಾಗದ ಗುರುತು. ಬಿದ್ದು ಪೆಟ್ಟಾದರೆ ಸಾಮಾನ್ಯವಾಗಿ ಮೊಣಕೈ, ಮೊಣಕಾಲು, ಅಂಗೈ ತರಚುತ್ತದೆ. ತೋಳಿನ ಒಳಭಾಗದಲ್ಲಿ ಬೆರಳಿನ ಗುರುತು ಮೂಡುವುದು ಯಾರಾದರೂ ಹಿಡಿದು ಎಳೆದಾಗ.

ಕೇಳುವ ಮಾತು ಸರಳವಾಗಿರಲಿ. "ಇಲ್ಲಿಗೆ ಬರುವ ಎಷ್ಟೋ ಜನಕ್ಕೆ ಮನೆಯಲ್ಲಿ ತೊಂದರೆ ಇರುತ್ತೆ, ಅದರಿಂದ ಆರೋಗ್ಯ ಕೆಡುತ್ತೆ. ಅದಕ್ಕೇ ಕೇಳ್ತೀನಿ, ನಿಮ್ಮ ಮನೆಯವರನ್ನ ಕಂಡರೆ ನಿಮಗೆ ಹೆದರಿಕೆ ಆಗುತ್ತಾ?" ಅಲ್ಲಿಂದ ಮುಂದಕ್ಕೆ: "ನಿಮಗೆ ಬೇಡ ಅನ್ನಿಸಿದಾಗಲೂ ಬಲವಂತ ಮಾಡ್ತಾರಾ?" "ಹಿಂಸೆ", "ಅತ್ಯಾಚಾರ" ಎಂಬ ಪದಗಳನ್ನು ನೀವಾಗಿ ತರಬೇಡಿ. ತಮಗೆ ಆಗುತ್ತಿರುವುದನ್ನು ಬಹುತೇಕರು ಆ ಹೆಸರಿನಿಂದ ಕರೆಯುವುದಿಲ್ಲ. "ಅಂಥದ್ದೇನಿಲ್ಲ" ಎಂದರೆ ಅಲ್ಲಿಗೆ ಬಿಡಿ. "ಸರಿ. ಯಾವತ್ತಾದರೂ ಮಾತಾಡಬೇಕು ಅನ್ನಿಸಿದರೆ ನಾನಿದ್ದೀನಿ" ಎಂದರೆ ಸಾಕು. ಎರಡನೇ, ಮೂರನೇ ಭೇಟಿಯಲ್ಲಿ ತಾವಾಗಿ ಹೇಳಿಕೊಂಡವರನ್ನು ನಾನು ಬಹಳ ಕಂಡಿದ್ದೇನೆ. ಮೊದಲ ಸಲ ಅವರು ಅಳೆದು ನೋಡುವುದು ನಮ್ಮನ್ನು.

ಹೌದು ಎಂದರೆ ಏನು ಮಾಡುವುದೆಂಬ ಗಾಬರಿ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2014ರ ಕೈಪಿಡಿಯಲ್ಲಿ ಹೇಳಿದ ಮೊದಲ ಆಸರೆಗೆ ವಿಶೇಷ ತಜ್ಞರು ಬೇಕಿಲ್ಲ, ತರಬೇತಿ ಪಡೆದ ನರ್ಸ್ ಸಾಕು. ತಡೆಯದೆ ಕೇಳಿಸಿಕೊಳ್ಳುವುದು, ಈಗ ಏನು ಬೇಕಾಗಿದೆ ಎಂದು ವಿಚಾರಿಸುವುದು, ನಂಬಿದ್ದೇನೆ, ಇದರಲ್ಲಿ ನಿಮ್ಮ ತಪ್ಪಿಲ್ಲ ಎನ್ನುವುದು, ಇವತ್ತು ಮನೆಗೆ ಹೋಗುವುದು ಸುರಕ್ಷಿತವೇ ಎಂದು ಒಟ್ಟಿಗೆ ಯೋಚಿಸುವುದು, ಮುಂದಿನ ನೆರವಿಗೆ ಜೋಡಿಸುವುದು. "ಯಾಕೆ ಇನ್ನೂ ಅವನ ಜೊತೆ ಇದ್ದೀರಿ?" ಎಂಬುದೊಂದನ್ನು ಮಾತ್ರ ಕೇಳಬೇಡಿ. ಬಿಟ್ಟು ಹೊರಡುವ ಹೊತ್ತು, ಹೊರಟ ಮೇಲಿನ ಕೆಲವು ತಿಂಗಳು ಜೀವಕ್ಕೆ ಅತಿ ಹೆಚ್ಚು ಅಪಾಯದ ಕಾಲ. ಇದ್ದು ಸಹಿಸುವುದು ಆಕೆಯ ಮಟ್ಟಿಗೆ ಲೆಕ್ಕ ಹಾಕಿಯೇ ಮಾಡಿದ ತೀರ್ಮಾನವಿರಬಹುದು.

ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಿದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆ ನಮ್ಮ ವೃತ್ತಿಯಲ್ಲೂ ಗಟ್ಟಿಯಾಗಿದೆ. ಭಯ ಇರುವಲ್ಲಿ ಜೋಡಿ ಕೌನ್ಸೆಲಿಂಗ್ ಬೇಡ. ಅಲ್ಲಿ ಆಕೆ ಆಡಿದ ಪ್ರತಿ ಮಾತಿನ ಲೆಕ್ಕ ಮನೆಯಲ್ಲಿ ಚುಕ್ತಾ ಆಗುತ್ತದೆ.

ಜೀವಕ್ಕೇ ಅಪಾಯವಿದೆಯೇ ಎಂದು ತಿಳಿಯಲು ಕೆಲವು ಪ್ರಶ್ನೆಗಳಿವೆ. ಈ ಆರು ತಿಂಗಳಲ್ಲಿ ಏಟು ಹೆಚ್ಚಾಗಿದೆಯೇ? ಆಯುಧ ತೋರಿಸಿದ್ದಾನೆಯೇ? ಬಸಿರಿದ್ದಾಗ ಹೊಡೆದಿದ್ದಾನೆಯೇ? ವಿಪರೀತ ಸಂಶಯವೇ? ಕೊಂದೇಬಿಡಬಹುದೆಂದು ಆಕೆಗೆ ಅನ್ನಿಸುತ್ತದೆಯೇ? ಕುತ್ತಿಗೆ ಹಿಸುಕಿದ್ದಾನೆಯೇ? ಈ ಕೊನೆಯದನ್ನು ಬಿಡದೆ ಕೇಳಿ, ಏಕೆಂದರೆ ಎಷ್ಟೋ ಸಲ ಕುತ್ತಿಗೆಯ ಮೇಲೆ ಗುರುತೇ ಉಳಿಯುವುದಿಲ್ಲ. ದನಿ ಒಡೆದಿರುವುದು, ನುಂಗಲು ನೋವು, ಕಣ್ಣಿನ ಬಿಳಿಭಾಗದಲ್ಲೋ ರೆಪ್ಪೆಯ ಒಳಗೋ ಸೂಜಿಮೊನೆಯಷ್ಟು ಕೆಂಪು ಚುಕ್ಕಿ, ಆಗ ಪ್ರಜ್ಞೆ ತಪ್ಪಿದ ನೆನಪು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ವೈದ್ಯರು ನೋಡಬೇಕು. ಕುತ್ತಿಗೆಯ ರಕ್ತನಾಳಕ್ಕಾದ ಪೆಟ್ಟು ಎಷ್ಟೋ ಹೊತ್ತಿನ ನಂತರ, ಕೆಲವೊಮ್ಮೆ ದಿನಗಳ ನಂತರ ಪಾರ್ಶ್ವವಾಯುವಾಗಿ ಕಾಣಿಸಿಕೊಳ್ಳಬಹುದು. ಒಮ್ಮೆ ಕುತ್ತಿಗೆಗೆ ಕೈ ಹಾಕಿದವನಿಂದ ಮುಂದೆ ಕೊಲೆಯಾಗುವ ಸಾಧ್ಯತೆಯೂ ಹಲವು ಪಟ್ಟು ಹೆಚ್ಚು.

ಇನ್ನು ರಕ್ಷಣೆಯ ದಾರಿಗಳು. ಕಳೆದ ಮೂರು ದಿನಗಳಲ್ಲಿ ಬಲವಂತ ನಡೆದಿದ್ದರೆ ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಪೆಪ್. 72 ಗಂಟೆಯೊಳಗೆ, ಆದಷ್ಟೂ ಬೇಗ ಶುರು ಮಾಡಿ 28 ದಿನ ನುಂಗಬೇಕಾದ ಎಚ್‌ಐವಿ ಔಷಧಿ ಅದು. ಮೂರು ದಿನದ್ದು ಕೊಟ್ಟು ಮತ್ತೆ ಬನ್ನಿ ಎನ್ನದೆ 28 ದಿನದ್ದನ್ನೂ ಒಟ್ಟಿಗೇ ಕೊಡಿ. ಇಂಥವರಿಗೆ ಎರಡನೇ ಸಲ ಮನೆಯಿಂದ ಹೊರಬೀಳುವುದೇ ಕಷ್ಟ. ಗರ್ಭ ತಡೆಯುವ ತುರ್ತು ಮಾತ್ರೆಗೆ ಐದು ದಿನಗಳ ಅವಕಾಶವಿದೆ, ಅದನ್ನೂ ಮರೆಯಬೇಡಿ. ಈಗಿನ ನೆಗೆಟಿವ್ ರಿಪೋರ್ಟ್ ಇತ್ತೀಚಿನ ಸೋಂಕನ್ನು ತೋರಿಸದಿರಬಹುದು. ಬೆರಳಿನ ರಕ್ತದ ಶೀಘ್ರ ಪರೀಕ್ಷೆಯಾದರೆ ಮೂರು ತಿಂಗಳಿಗೆ ಮತ್ತೊಮ್ಮೆ ನೋಡಬೇಕು.

ಬಲವಂತ ಮತ್ತೆ ಮತ್ತೆ ನಡೆಯುವ ಮನೆಗೆ ಪ್ರತಿ ಸಲ ಪೆಪ್ ಸರಿಯಾಗದು, ಅಲ್ಲಿಗೆ ಪ್ರೆಪ್ ಬೇಕು. ನೀವು ಹೇಳಿದ ಮಾತ್ರೆ ಅದೇ. ದಿನಾ ತಪ್ಪದೆ ನುಂಗಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಬಸಿರಿನಲ್ಲೂ ಹಾಲೂಡಿಸುವಾಗಲೂ ಕೊಡಬಹುದು. ಆದರೆ ಶುರು ಮಾಡಿದ ದಿನವೇ ರಕ್ಷಣೆ ಬಾರದು, ಮಹಿಳೆಯರಲ್ಲಿ ನಡುನಡುವೆ ಬಿಟ್ಟರೆ ಬೇಗ ಕುಗ್ಗುತ್ತದೆ. ಹೆಪಟೈಟಿಸ್ ಬಿ ಇದ್ದವರು ನಿಗಾ ಇಲ್ಲದೆ ನಿಲ್ಲಿಸಿದರೆ ಯಕೃತ್ತು ಕೆರಳಬಹುದು. ಡಬ್ಬಿಯ ಸದ್ದಿಗೆ ಪರಿಹಾರ ಕಷ್ಟವಲ್ಲ: ಡಬ್ಬಿಯೊಳಗೆ ಹತ್ತಿ ತುಂಬಿ, ಇಲ್ಲವೇ ಮಾತ್ರೆಗಳನ್ನು ಆಕೆ ದಿನಾ ಬಳಸುವ, ಯಾರೂ ತೆರೆದು ನೋಡದ ಬೇರೊಂದು ಡಬ್ಬಿಗೆ ಹಾಕಿಕೊಡಿ. ತೇವ ತಾಗದಿರುವುದು ಮುಖ್ಯ. ಆಕೆ ಕೆಲಸಕ್ಕೆ ಹೋಗುವವರಾದರೆ ಅಲ್ಲಿಟ್ಟು ಅಲ್ಲೇ ನುಂಗಬಹುದು.

ಮನೆಯಲ್ಲಿ ಮಾತ್ರೆ ಇಡುವುದೇ ಆಗದು ಎಂದರೆ ಸೂಜಿಮದ್ದು. ಕ್ಯಾಬೊಟೆಗ್ರಾವಿರ್ ಎಂಬುದನ್ನು ಮೊದಲೆರಡು ಸಲ ತಿಂಗಳ ಅಂತರದಲ್ಲಿ, ಆಮೇಲೆ ಎರಡು ತಿಂಗಳಿಗೊಮ್ಮೆ ಪೃಷ್ಠಕ್ಕೆ ಕೊಡುತ್ತಾರೆ. ಲೆನಕಾಪವಿರ್ ಆರು ತಿಂಗಳಿಗೊಮ್ಮೆ ಹೊಟ್ಟೆಯ ಚರ್ಮದಡಿಗೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ನಡೆದ ಪ್ರಯೋಗದಲ್ಲಿ ಲೆನಕಾಪವಿರ್ ಪಡೆದ 2134 ಯುವತಿಯರಲ್ಲಿ ಒಬ್ಬರಿಗೂ ಎಚ್‌ಐವಿ ತಗುಲಲಿಲ್ಲವೆಂದು 2024ರಲ್ಲಿ ಪ್ರಕಟವಾಯಿತು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಇವು ಎಲ್ಲ ಕಡೆ ಸಿಗುವುದಿಲ್ಲ. ಸಿಕ್ಕರೂ ಒಂದು ಮಾತು ಮೊದಲೇ ಹೇಳಿ: ಲೆನಕಾಪವಿರ್ ಚುಚ್ಚಿದ ಜಾಗದಲ್ಲಿ ಕೈಗೆ ಸಿಗುವಂಥ ಗಂಟು ಬಹಳ ಕಾಲ ಉಳಿಯಬಹುದು. ಆತ ಕೇಳಿದರೆ ಏನು ಹೇಳುವುದೆಂದು ಆಕೆ ಯೋಚಿಸಿಕೊಂಡಿರಲಿ. ಎರಡನ್ನೂ ಅರ್ಧಕ್ಕೆ ಬಿಟ್ಟರೆ ಔಷಧಿ ರಕ್ತದಲ್ಲಿ ಸಣ್ಣ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಹೊತ್ತಿನಲ್ಲಿ ಸೋಂಕು ತಗುಲಿದರೆ ಔಷಧಿಗೆ ಬಗ್ಗದ ವೈರಸ್ ಬೆಳೆಯಬಹುದು. ಯೋನಿಯೊಳಗೆ ಇಟ್ಟುಕೊಳ್ಳುವ ಡಾಪಿವಿರಿನ್ ಉಂಗುರವನ್ನು ಆಕೆಯೇ ಹಾಕಿಕೊಳ್ಳಬಹುದು, ತಿಂಗಳಿಗೊಮ್ಮೆ ಬದಲಿಸಿದರಾಯಿತು. ಆದರೆ ಅದರ ರಕ್ಷಣೆ ಕಡಿಮೆ, ಪ್ರಯೋಗಗಳಲ್ಲಿ ಶೇ 30ರ ಆಸುಪಾಸು. ಆತನ ಅರಿವಿಗೆ ಬರುವ ಸಾಧ್ಯತೆಯೂ ಉಂಟು. ಆಯ್ಕೆ ಆಕೆಯದು; ಯಾವುದನ್ನು ಬಚ್ಚಿಡಲಾದೀತು, ಯಾವುದು ಆಗದು ಎಂಬುದು ಆಕೆಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ಪಾಸಿಟಿವ್ ಬಂದರೆ? ಚಿಕಿತ್ಸೆ ಕೂಡಲೇ ಶುರುವಾಗಲಿ, ಗಂಡನಿಗೆ ತಿಳಿಸಿದ ಮೇಲೆ ಎಂಬ ಷರತ್ತು ಬೇಡ. ಮೊದಲು ಪರೀಕ್ಷೆ ಮಾಡಿಸಿಕೊಂಡವರೇ ಸೋಂಕು ತಂದವರು ಎಂಬುದು ಇನ್ನೊಂದು ಗಟ್ಟಿ ಸುಳ್ಳು. ರಿಪೋರ್ಟಿನ ಮೇಲಿನ ತಾರೀಖು ಯಾರು ಮೊದಲು ಪರೀಕ್ಷೆ ಮಾಡಿಸಿಕೊಂಡರು ಎಂಬುದನ್ನಷ್ಟೇ ಹೇಳುತ್ತದೆ. ಇದನ್ನು ಆಕೆಗೂ ಹೇಳಿ, ನಿಮ್ಮ ಸಹೋದ್ಯೋಗಿಗಳಿಗೂ ಹೇಳಿ.

ಸಂಗಾತಿಗೆ ತಿಳಿಸುವುದಕ್ಕೆ ಹಲವು ಬಗೆಗಳಿವೆ: ಆಕೆಯೇ ಹೇಳುವುದು, ನಿಮ್ಮೆದುರು ಹೇಳುವುದು, ಕ್ಲಿನಿಕ್ಕಿನವರು ಹೆಸರು ಹೇಳದೆ ಆತನನ್ನು ಪರೀಕ್ಷೆಗೆ ಕರೆಯುವುದು. ಸಾಮಾನ್ಯವಾಗಿ ಇವು ತೊಂದರೆಯಿಲ್ಲದೆ ನಡೆಯುತ್ತವೆ. ಹಿಂಸೆ ಇರುವಲ್ಲಿ ಪ್ರತಿಯೊಂದನ್ನೂ ಮತ್ತೆ ತೂಗಿ ನೋಡಬೇಕು. ಆತನಿಗೆ ಹೆಂಡತಿ ಬಿಟ್ಟು ಬೇರೆ ಸಂಬಂಧವಿಲ್ಲದಿದ್ದರೆ, ಅಥವಾ ಇಲ್ಲವೆಂದು ಆತ ಸಾಧಿಸುತ್ತಿದ್ದರೆ, ಹೆಸರಿಲ್ಲದ ಕರೆ ಯಾರ ಹೆಸರಿನದೆಂದು ಆ ಕ್ಷಣವೇ ಗೊತ್ತಾಗುತ್ತದೆ. ಸ್ವಯಂ ಪರೀಕ್ಷೆಯ ಕಿಟ್ಟನ್ನು ಆಕೆಯ ಕೈಯಲ್ಲಿ ಕಳಿಸುವುದೂ ಇಲ್ಲಿ ಬೇಡ. ನನ್ನ ಮಟ್ಟಿಗೆ ಸುರಕ್ಷಿತವಾದ ದಾರಿ ಇದು: ತಿಳಿಸುವುದನ್ನು ಮುಂದೂಡಿ, ಆಕೆಯ ಔಷಧಿ ನಿಲ್ಲದಂತೆ ನೋಡಿಕೊಳ್ಳಿ, ಆತ ಬೇರೆ ಯಾವುದಕ್ಕಾದರೂ ಕ್ಲಿನಿಕ್ಕಿಗೆ ಬಂದಾಗ "ಇಲ್ಲಿ ಎಲ್ಲರಿಗೂ ಮಾಡುತ್ತೇವೆ" ಎಂದು ಆತನಿಗೂ ಪರೀಕ್ಷೆ ಸೂಚಿಸಿ. "ಆತನಿಗೂ ಆರೋಗ್ಯದ ಹಕ್ಕಿಲ್ಲವೇ?" ಎಂದು ನಿಮ್ಮ ಹಿರಿಯರು ಕೇಳಬಹುದು. ಇದೆ. ಆಕೆ ತಪ್ಪದೆ ಔಷಧಿ ತೆಗೆದುಕೊಂಡು ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪತ್ತೆಯಾಗದ ಮಟ್ಟಕ್ಕೆ ಇಳಿದರೆ ಲೈಂಗಿಕ ಸಂಪರ್ಕದಿಂದ ಆತನಿಗೆ ಸೋಂಕು ದಾಟುವುದಿಲ್ಲ. ಆಕೆಯ ಚಿಕಿತ್ಸೆಯಲ್ಲಿ ಆತನ ರಕ್ಷಣೆಯೂ ಇದೆ. ತಿಳಿಸಲೇಬೇಕೆಂದು ಕಾನೂನು ಹೇಳುವ ಕಡೆ ಹೇಗೆ, ಯಾವಾಗ, ಆ ದಿನ ಆಕೆ ಎಲ್ಲಿರುತ್ತಾರೆ ಎಂಬುದನ್ನಾದರೂ ಆಕೆಯ ಜೊತೆ ಕುಳಿತೇ ತೀರ್ಮಾನಿಸಿ.

ಪೆಟ್ಟು ತಿನ್ನುವವರು ಹೆಂಗಸರು ಮಾತ್ರ ಎಂದು ನಾನು ಹೇಳುತ್ತಿಲ್ಲ. ಗಂಡಸರ ಜೋಡಿಗಳಲ್ಲಿ, ಟ್ರಾನ್ಸ್‌ಜೆಂಡರ್ ಸಮುದಾಯದಲ್ಲಿ ಇದೇ ಹಿಂಸೆ ಇದೇ ಸೋಂಕಿನ ಅಪಾಯವನ್ನು ತರುತ್ತದೆ. "ನಿನ್ನ ರಿಪೋರ್ಟ್ ಎಲ್ಲರಿಗೂ ತೋರಿಸ್ತೀನಿ" ಎಂಬ ಬೆದರಿಕೆ ಅಲ್ಲಿ ಏಟಿಗಿಂತ ದೊಡ್ಡದು.

ಬರವಣಿಗೆಯ ವಿಷಯ ಹೇಳಿ ಮುಗಿಸುತ್ತೇನೆ. ಗಾಯದ ಅಳತೆ, ಬಣ್ಣ, ಜಾಗವನ್ನು ದೇಹದ ನಕ್ಷೆಯ ಮೇಲೆ ಗುರುತಿಸಿ. ಆಕೆಯ ಮಾತನ್ನು ಆಕೆಯದೇ ಪದಗಳಲ್ಲಿ ಬರೆಯಿರಿ. "ಆರೋಪಿಸುತ್ತಾರೆ" ಎಂದಲ್ಲ, "ಹೇಳುತ್ತಾರೆ" ಎಂದು. ಮುಂದೆ ಆಕೆ ನ್ಯಾಯ ಕೇಳಲು ಹೊರಟರೆ ಆ ಪುಟವೇ ಸಾಕ್ಷಿಯಾದೀತು. ಇದಷ್ಟೂ ಕ್ಲಿನಿಕ್ಕಿನ ಒಳಗಿನ ಫೈಲಿನಲ್ಲಿರಲಿ. ಆಕೆ ಮನೆಗೆ ಒಯ್ಯುವ ಚೀಟಿಯಲ್ಲಿ, ಫೋನಿನಲ್ಲಿ ತೆರೆದು ನೋಡಬಹುದಾದ ರಿಪೋರ್ಟಿನಲ್ಲಿ ಒಂದಕ್ಷರವೂ ಬೇಡ. ಯಾವ ನಂಬರಿಗೆ, ಯಾವ ಹೊತ್ತಿನಲ್ಲಿ ಕರೆ ಮಾಡಬಹುದು, ಬೇರೆ ಯಾರಾದರೂ ಎತ್ತಿದರೆ ಎಲ್ಲಿಂದ ಎಂದು ಹೇಳಬೇಕು ಎಂಬುದನ್ನು ಆಕೆಯನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಬರಬೇಕಾದ ದಿನ ಬಾರದಿದ್ದರೆ ಆ ನಂಬರಿಗಷ್ಟೇ, ಆ ಹೊತ್ತಿಗಷ್ಟೇ ಕರೆ. ಮನೆಗೆ ಯಾರನ್ನೂ ಕಳಿಸಬೇಡಿ.

ಆಕೆಯ ಮುಂದಿನ ಭೇಟಿಗೆ ಮೊದಲು ನಿಮ್ಮ ಪಾಲಿನ ಕೆಲಸ ಸ್ವಲ್ಪವಿದೆ. ಆಶ್ರಯ ಕೊಡುವವರು, ಕಾನೂನು ನೆರವಿನವರು, ಸಹಾಯವಾಣಿ, ಇವರ ನಂಬರುಗಳನ್ನು ಹುಡುಕಿ ನೀವೇ ಒಮ್ಮೆ ಕರೆ ಮಾಡಿ ನೋಡಿ. ರಾತ್ರಿ ಎತ್ತುತ್ತಾರೆಯೇ, ಎಚ್‌ಐವಿ ಇದೆಯೆಂದರೆ ಒಳಗೆ ಸೇರಿಸಿಕೊಳ್ಳುತ್ತಾರೆಯೇ ಎಂದು ವಿಚಾರಿಸಿ. ಎರಡನೇ ಪ್ರಶ್ನೆಗೆ ತಡವರಿಸುವವರನ್ನು ಪಟ್ಟಿಯಿಂದ ತೆಗೆಯಿರಿ.